ಮದ್ದು ತುಂಬುವವನು

ಸೆಪ್ಟೆಂಬರ್ 13, 2025. ಶನಿವಾರ

ಸೋಪು ಹಾಕಿ ಉಜ್ಜಿದ್ದಾಯಿತು, ನಿಂಬೆಹಣ್ಣು ಹಿಂಡಿದ್ದಾಯಿತು, ಕೈಯ ವಾಸನೆ ಹೋಗುತ್ತಿಲ್ಲ. ಮೇಲೆ ಗಂಧಕ, ಕೆಳಗೆ ದನದ ಕೊಬ್ಬು.

“ಎಲ್ಲಿಗೆ ಹೋಗಿದ್ಯೋ? ಪಟಾಕಿ ಅಂಗಡಿಗಾ, ಕಸಾಯಿಖಾನೆಗಾ?” ಎಂದಳು ಹೆಂಡತಿ ಇಂದು. ಎರಡಕ್ಕೂ ಎಂದೆ.

ಮುರಳೀಧರ ಮನೆಗೆ ಕರೆದಿದ್ದರು. ಮನೆಗೆ ಎಂದರೆ ಗ್ಯಾರೇಜಿಗೆ. ಒಂಬತ್ತು ವರ್ಷ ಅವರ ಕಂಪನಿಯಲ್ಲಿ ದುಡಿದ ಮೇಲೆ ಬಂದ ಮೊದಲ ಕರೆ. ನನ್ನ ವೀಸಾ ಅವರ ಕಂಪನಿಯ ಮೇಲೆ ನಿಂತಿದೆ, ಗ್ರೀನ್ ಕಾರ್ಡು ಅವರ ಸಹಿಯ ಮೇಲೆ, ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸುವ ಇಂದುವಿನ ಕೆಲಸ ನನ್ನ ವೀಸಾದ ಮೇಲೆ. ಕೆಳಗಿನ ಮಡಕೆ ಅಲ್ಲಾಡಿದರೆ ಎಲ್ಲವೂ ಉರುಳುತ್ತವೆ. ನಾಚಿಕೆ ಬಿಟ್ಟು ಬರೆಯುತ್ತೇನೆ: ಕರೆದಾಗ ಖುಷಿಯಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಶನಿವಾರ ಬಂತೆಂದರೆ ಅವರು ಗುರಿ ಸ್ಪರ್ಧೆಯ ಅಭ್ಯಾಸಕ್ಕೆ ಹಳೆಕಾಲದ ಕೋವಿ ಹೊಡೆಯುತ್ತಾರೆ. ನೂರೈವತ್ತು ವರ್ಷದ ಹಿಂದೆ ಇಲ್ಲಿಯವರು ಕಾಡುಕೋಣಗಳ ಹಿಂಡು ಹಿಂಡನ್ನೇ ಮುಗಿಸಿದ ಕೋವಿಯ ನಕಲು. ಒಂದು ಸಲಕ್ಕೆ ಒಂದೇ ತೋಟಾ. ಕಿರುಬೆರಳು ತೂರುವಷ್ಟು ಅಗಲದ ನಳಿಗೆ. ಅದಕ್ಕೆ ಕರಿಮದ್ದೇ ಆಗಬೇಕು. ಅಂಗಡಿಯ ತೋಟಾ ಅವರಿಗೆ ಒಗ್ಗುವುದಿಲ್ಲ. ಹೊಡೆದು ಖಾಲಿಯಾದ ತೋಟಾಗಳನ್ನೇ ತೊಳೆದು, ಹಿಂಬದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಸೀಸದ ಗುಂಡು ಒತ್ತಿ ಮತ್ತೆ ಜೀವ ಕೊಡುತ್ತಾರೆ.

ನನಗೆ ಮೊದಲು ತೊಳೆಯುವ ಕೆಲಸ. ಬಕೆಟ್ಟಿನ ಸೋಪುನೀರಿನಲ್ಲಿ ಮಸಿ ಹಿಡಿದ ಹಿತ್ತಾಳೆ. ಗೌಡರ ಮದುವೆಮನೆಯ ಹಿತ್ತಲಲ್ಲಿ ಎಂಜಲು ಲೋಟ ಉಜ್ಜುತ್ತಿದ್ದ ಅವ್ವ ನೆನಪಾದಳು. ಆಮೇಲೆ ಮುರಳೀಧರ ಒಂದು ಡಬ್ಬಿಯನ್ನು ಸ್ಕ್ರೂಡ್ರೈವರಿನ ತುದಿಯಿಂದ ನನ್ನತ್ತ ತಳ್ಳಿದರು. ಒಳಗೆ ಜೇನುಮೇಣಕ್ಕೆ ಬೆರೆಸಿದ ಕೊಬ್ಬು. ಗುಂಡಿನ ಸುತ್ತ ಕೊರೆದ ಗೆರೆಗಳಿಗೆಲ್ಲ ಅದನ್ನು ತುಂಬಬೇಕು.

“ಬರೀ ಮೇಣದಲ್ಲಿ ಟ್ರೈ ಮಾಡ್ದೆ, ಆಲಿವ್ ಆಯಿಲಲ್ಲೂ ಟ್ರೈ ಮಾಡ್ದೆ. ನಳಿಗೆ ಮಸಿ ಕಟ್ಕೊಂಡ್ಬಿಡುತ್ತೆ. ಕೊಬ್ಬಿಲ್ದೆ ಮೆಡಲ್ ಬರಲ್ಲ ರಮೇಶ್. ಆದ್ರೆ ನಂಗೆ ಇದು ಕೈಗೇ ಹೋಗಲ್ಲ ನೋಡು. ನಿಂಗೆ ಇದೆಲ್ಲ ಅಭ್ಯಾಸ ಇರುತ್ತೆ, ಅಲ್ವಾ?”

“ಯಾವ ಪ್ರಾಣೀದು ಸರ್?”

ಅವರು ಹೆಂಡತಿಯಿದ್ದ ಅಡುಗೆಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಈ ದೇಶದಲ್ಲಿ ಯಾವ ಪ್ರಾಣೀದು ಸಿಗುತ್ತೆ ಹೇಳು? ವೇದಾಗೆ ಮಾತ್ರ ಹೇಳ್ಬೇಡಪ್ಪ.”

ನನ್ನ ಜಾತಿಯನ್ನು ಅವರು ಎಂದೂ ಕೇಳಿಲ್ಲ. ಇಂಟರ್‌ವ್ಯೂ ದಿನ ಊರು ಕೇಳಿದರು. ಊರಲ್ಲಿ ಮನೆ ಎಲ್ಲಿ ಎಂದು ಕೇಳಿದರು. ಕೆರೆ ಕೆಳಗೆ ಎಂದೆ. “ಓ, ಸರಿ ಸರಿ” ಎಂದರು. ಆ ಸರಿ ಸರಿಗೆ ಇವತ್ತು ಕೆಲಸ ಸಿಕ್ಕಿತು. ಮೈಲಿಗೆ ನನ್ನ ಪಾಲು, ಮೆಡಲು ಅವರ ಪಾಲು.

ನಾನೇನು ಹೇಳಿದೆ? “ಪರವಾಗಿಲ್ಲ ಸರ್” ಎಂದೆ. ಅಪ್ಪ ಸಂಘಟನೆಯ ಮೆರವಣಿಗೆಯಲ್ಲಿ ತಮಟೆ ಹರಿಯುವ ಹಾಗೆ ಬಾರಿಸಿದವನು. ಅವನ ಮಗ ಪರವಾಗಿಲ್ಲ ಸರ್ ಎಂದ.

ಪ್ರಶಾಂತ್ ಕೂಡ ಇದ್ದ. ನಮ್ಮ ಟೀಮಿನವನೇ, ಮೈಸೂರಿನವನು, ನನ್ನ ಹಾಗೇ ವೀಸಾ. ಏನನ್ನೂ ಮುಟ್ಟದೆ ಕೈ ಜೇಬಿನಲ್ಲಿಟ್ಟುಕೊಂಡು ಜೋಕು ಹೊಡೆಯುತ್ತಿದ್ದ. ಅವನು ಅವರಿಗೆ ಅಂಕಲ್ ಎನ್ನುತ್ತಾನೆ, ಸಲೀಸಾಗಿ ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಬರುತ್ತಾನೆ. ನನ್ನ ಕಾಫಿ ಪೇಪರ್ ಕಪ್ಪಿನಲ್ಲಿ ಬಾಗಿಲ ತನಕ ಬಂತು.

ಒಂದು ಖಾಲಿ ತೋಟಾ ಕೇಳಿ ತಂದೆ. ಬಾಯಿಗಿಟ್ಟು ಊದಿದರೆ ಚೆಂದ ಕೂಗುತ್ತದೆ. ಮಗಳು ಚೈತನ್ಯಾ ಮನೆಯೆಲ್ಲ ಊದಿಕೊಂಡು ಓಡಾಡಿದಳು.

ಸೆಪ್ಟೆಂಬರ್ 20. ಶನಿವಾರ

ನಿನ್ನೆ ಸಂಜೆಯಿಂದ ಫೋನು ನಿಂತಿಲ್ಲ. ವೀಸಾದ ಮೇಲೆ ಹೊಸ ಆದೇಶ. ಹೊರಗಿದ್ದವರು ಇನ್ನು ಒಳಗೆ ಬರುವ ಹಾಗಿಲ್ಲ ಎಂದರು. ಊರಿಗೆ ಹೊರಟು ವಿಮಾನ ಹತ್ತಿದವರು ಇಳಿದು ಓಡಿಬಂದರಂತೆ. ಇವತ್ತು ಹೊಸಬರಿಗೆ ಮಾತ್ರ ಎನ್ನುತ್ತಿದ್ದಾರೆ. ನಾಳೆ ಏನೋ. ಇಂದು ಸೂಟ್‌ಕೇಸು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಮೇಲಿಟ್ಟಳು.

ಮುರಳೀಧರ ಹೇಳಿದರು: “ನನ್ನ ಹತ್ರ ಇರೋವರ್ಗೂ ನಿಂಗೇನು ಭಯ?” ಆ ಮಾತಿಗೆ ಎರಡು ಬದಿ ಇದೆ.

ಇವತ್ತು ಮದ್ದು ತುಂಬಿಸಿದರು. ತೂಗಿದ ಮದ್ದನ್ನು ಉದ್ದನೆಯ ಹಿತ್ತಾಳೆ ಕೊಳವೆಯ ಮೂಲಕ ನಿಧಾನ ಸುರಿಯಬೇಕು, ಕಾಳು ಕಾಳಿಗೆ ಒತ್ತಿ ಕೂರಬೇಕು. ಮೇಲೆ ಹಾಲಿನ ಡಬ್ಬದ ರಟ್ಟಿನಿಂದ ಕತ್ತರಿಸಿದ ಬಿಲ್ಲೆ. ಅದರ ಮೇಲೆ ಗುಂಡು. ಮದ್ದಿಗೂ ಗುಂಡಿಗೂ ನಡುವೆ ಗಾಳಿಗೆ ಜಾಗ ಇರಬಾರದು.

“ಜಾಗ ಬಿಟ್ರೆ ನಳಿಗೆ ಸಿಡಿಯುತ್ತೆ. ನನ್ನ ಮುಖ ಇರಲ್ಲ” ಎಂದು ನಕ್ಕರು. ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿ ತೋರಿಸಿದರು. ಸಿಡಿಯುವ ಜಾಗಕ್ಕೂ ಕಣ್ಣಿಗೂ ಒಂದು ಗೇಣೂ ಇಲ್ಲ.

ಇನ್ನೊಂದು ಎಚ್ಚರಿಕೆ. ಮೇಲಿನ ಹಲಗೆಯಲ್ಲಿ ಕೆಂಪು ಡಬ್ಬಿಯಿದೆ. ಅದು ಇವರ ಪಿಸ್ತೂಲಿನ ಹೊಸಕಾಲದ ಮದ್ದು. ಅದೂ ಕಪ್ಪು, ಇದೂ ಕಪ್ಪು. ಈ ಕೋವಿಯ ತೋಟಾಕ್ಕೆ ಅದು ಬಿದ್ದರೆ ಕೋವಿ ಚೂರಾಗುತ್ತದಂತೆ.

ಕೈ ನಡುಗುತ್ತಿತ್ತು. ಅವರು ಗಮನಿಸಲಿಲ್ಲ. ನನ್ನ ಸೋದರಮಾವ ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ವಾರಿಯಲ್ಲಿ ಮದ್ದು ತುಂಬುತ್ತಿದ್ದ. ಬಂಡೆಯ ಕುಳಿಗೆ ಇದೇ ಮದ್ದು ಸುರಿದು ಕೋಲಿನಿಂದ ಜಡಿಯುತ್ತಿದ್ದ. ಧಣಿ ದೂರದಲ್ಲಿ ಜೀಪಿನೊಳಗೆ ಕಿವಿಗೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದ. ಒಂದು ದಿನ ಮಾವನ ಬಲಗೈಯಲ್ಲಿ ಹೆಬ್ಬೆಟ್ಟು ಮತ್ತು ಕಿರುಬೆರಳು ಉಳಿದವು. ಧಣಿ ಆಸ್ಪತ್ರೆಗೆ ಬಾಳೆಹಣ್ಣು ಕಳಿಸಿದ.

ಆ ವಾಸನೆಯನ್ನು ಇಲ್ಲಿಗೆ ಬಂದು ಮತ್ತೆ ಮೂಸುತ್ತೇನೆ ಎಂದುಕೊಂಡಿರಲಿಲ್ಲ.

ಅಕ್ಟೋಬರ್ 1. ಬುಧವಾರ

ಆಯುಧಪೂಜೆ. ಆಫೀಸು ಮುಗಿಸಿ ಗ್ಯಾರೇಜಿಗೆ ಬಾ ಎಂದರು.

ಕಾರಿಗೆ ಚೆಂಡುಹೂವಿನ ಹಾರ, ಟೈರಿನ ಕೆಳಗೆ ನಿಂಬೆಹಣ್ಣು. ಕೆಂಪು ರವಿಕೆ ಕಣ ಹಾಸಿದ ಮಣೆಯ ಮೇಲೆ ಕೋವಿ. ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ನಾನು ತುಂಬಿದ ತೋಟಾಗಳು, ಸೈನಿಕರ ಹಾಗೆ ಸಾಲಾಗಿ. ವೇದಾ ಮೇಡಂ ರೇಷ್ಮೆ ಸೀರೆಯುಟ್ಟು ಒಂದೊಂದರ ನೆತ್ತಿಗೂ ಕುಂಕುಮ ಇಟ್ಟರು.

“ಎಷ್ಟು ಚೆನ್ನಾಗಿ ಹಿಡ್ಕೊಳ್ತಿದೆ ಕುಂಕುಮ! ಎಣ್ಣೆ ಸವರಿದೀರೇನ್ರೀ?”

“ಹೂಂ. ಎಣ್ಣೆ.”

“ಯಾವ ಎಣ್ಣೆ?”

“ಅದೇ, ಯಾವ್ದೋ ಆರ್ಗ್ಯಾನಿಕ್ಕು.”

ಮುರಳೀಧರ ನನ್ನ ಕಡೆ ನೋಡಿದರು. ನಾನು ಟೈರಿನ ಕೆಳಗಿನ ನಿಂಬೆಹಣ್ಣು ನೋಡಿದೆ. ದನದ ಕೊಬ್ಬಿಗೆ ಮಂಗಳಾರತಿ ಆಯಿತು. ಗೋರಕ್ಷಣೆಗೆಂದು ಇಲ್ಲಿನ ಕನ್ನಡ ಸಂಘದಲ್ಲಿ ಭಾಷಣ ಬಿಗಿಯುವ ಮನುಷ್ಯ ಕಣ್ಣು ಮುಚ್ಚಿ ಕೈಮುಗಿದರು. ನಗು ಬಂತು, ನುಂಗಿದೆ. ನುಂಗುವುದರಲ್ಲಿ ಈಗ ಪಳಗಿದ್ದೇನೆ.

“ರಮೇಶ್, ತಟ್ಟೆ ಹಿಡ್ಕೊಂಡು ನಿಂತ್ಕೋ. ಸ್ಮೈಲ್ ಮಾಡಯ್ಯ!” ಫೋಟೋ ಹೊಡೆದರು. ಪ್ರಸಾದ ಮೇಲಿನಿಂದ ಅಂಗೈಗೆ ಬಿತ್ತು.

ನಾನು ಮನೆ ಮುಟ್ಟುವಷ್ಟರಲ್ಲಿ ಫೋಟೋ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಸೆಂಟರ್‌ವಿಲ್‌ನಿಂದ ಕ್ಲಾರ್ಕ್ಸ್‌ಬರ್ಗ್‌ವರೆಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದಾರೆ.

ಅಕ್ಟೋಬರ್ 2. ಗುರುವಾರ

ಕೂತು ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ಪ್ರಶಾಂತ್ ಫೋನ್ ಮಾಡಿದ. “ಏನ್ ಗುರು, ಸ್ಟಾರ್ ಆಗ್ಬಿಟ್ಟೆ! ಸರಿ, ನಿನ್ ಹತ್ರ ಹಂಟಿಂಗ್ ಲೈಸೆನ್ಸ್ ಇದೆ ತಾನೆ?”

“ನನ್ನ ಹತ್ರ ಮೀನು ಹಿಡಿಯೋ ಲೈಸೆನ್ಸೂ ಇಲ್ಲ. ಯಾಕೆ?”

ಆ ಕಡೆ ಅವನ ನಗು ನಿಂತಿತು. “ತಮಾಷೆ ಮಾಡ್ಬೇಡ ಮಾರಾಯ. ಆ ಲೈಸೆನ್ಸ್ ಇಲ್ದೆ ವೀಸಾದವ್ರು ಕೋವಿ ಮುಟ್ಟೋ ಹಾಗಿಲ್ಲ. ಫೆಡರಲ್ ಕೇಸು. ಕೋವಿ ಒಂದೇ ಅಲ್ಲ, ತೋಟಾನೂ ಅಷ್ಟೇ. ಮದ್ದು, ಕೇಪು, ಖಾಲಿ ಹಿತ್ತಾಳೆ ಕೂಡ ಲೆಕ್ಕಕ್ಕೆ. ಜೈಲು, ಆಮೇಲೆ ಊರಿಗೆ ಪಾರ್ಸೆಲ್.”

“ನಿಂಗೆ ಗೊತ್ತಿತ್ತಾ?”

“ನಾನ್ಯಾಕೆ ಜೇಬಲ್ಲಿ ಕೈ ಇಟ್ಕೊಂಡು ನಿಂತಿರ್ತಿದ್ದೆ ಅಂದ್ಕೊಂಡೆ?”

“ನಂಗೆ ಯಾಕೋ ಹೇಳ್ಲಿಲ್ಲ?”

“ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ ಗುರು. ಮತ್ತೆ ಅಂಕಲ್ ಮುಂದೆ ಹೆಂಗೆ ಹೇಳೋದು?”

ನಾನೇ ಹುಡುಕಿ ಓದಿದೆ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಫೋಟೋ ತೆಗೆದು ನೋಡಿದೆ. ಸಾಲಾಗಿ ತೋಟಾ, ಅದರ ಹಿಂದೆ ನನ್ನ ಹಲ್ಲು. ಗುಂಪಿನಲ್ಲಿ ಎಷ್ಟು ಜನ, ಯಾರ ಗೆಳೆಯರು ಯಾರು, ಯಾರಿಗೆ ನನ್ನ ಮೇಲೆ ಹೊಟ್ಟೆಯುರಿ, ಒಂದೂ ಗೊತ್ತಿಲ್ಲ. ಒಬ್ಬ ಸಾಕು. ಒಂದು ಬೆರಳು ಸಾಕು.

ಖಾಲಿ ಹಿತ್ತಾಳೆ ಕೂಡ. ಚೈತನ್ಯಾಳ ಪೀಪಿ ಎಲ್ಲಿದೆ? ಅವಳು ಮಲಗಿದ್ದಾಳೆ. ಆಟಿಕೆ ಬುಟ್ಟಿಯಲ್ಲಿಲ್ಲ.

ಅಕ್ಟೋಬರ್ 3. ಶುಕ್ರವಾರ

ಅವಳು ಅದನ್ನು ಶಾಲೆಗೆ ಒಯ್ದಿದ್ದಳು.

ಶಾಲೆ ಬಿಡುವ ತನಕ ಕಾರಿನಲ್ಲೇ ಕೂತಿದ್ದೆ. ಶಾಲೆಯ ಮುಂದೆ ಪೊಲೀಸ್ ಕಾರು. ಅದು ದಿನವೂ ಅಲ್ಲೇ ಇರುತ್ತದೆ, ಮಕ್ಕಳಿಗೆ ರಸ್ತೆ ದಾಟಿಸಲು. ಆದರೂ ಸೀಟಿನಲ್ಲಿ ಕೆಳಗೆ ಜಾರಿ ಕೂತೆ. ಈ ದೇಶದಲ್ಲಿ ಶಾಲೆಯೊಳಗೆ ತೋಟಾ ಎಂದರೆ ಏನರ್ಥ ಎಂದು ಯಾರಿಗೆ ಗೊತ್ತಿಲ್ಲ?

ಬಂದು ಹತ್ತಿದಳು. “ಪೀಪಿ ಎಲ್ಲಿ?” ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

“ಬ್ಯಾಗಲ್ಲಿ ಇದೆ ಅಪ್ಪಾ. ಇಟ್ಸ್ ಜಸ್ಟ್ ಎ ವಿಸಲ್.”

“ಯಾರಾದ್ರೂ ನೋಡಿದ್ರಾ?”

“ಟೀಚರ್ ನೋಡಿದ್ರು. ವಾಟ್ ಈಸ್ ದಟ್ ಕೇಳಿದ್ರು. ನಾನು ಪೂಜಾ ಥಿಂಗ್ ಅಂತ ಹೇಳಿದೆ. ನೀನು ಫೋಟೋದಲ್ಲಿ ಹಿಡ್ಕೊಂಡಿದ್ಯಲ್ಲ, ಕೆಂಪು ಡಾಟ್ ಜೊತೆ. ಷಿ ಸೆಡ್ ಇಟ್ಸ್ ಬ್ಯೂಟಿಫುಲ್.”

ನಗಬೇಕೋ ಅಳಬೇಕೋ ತಿಳಿಯದೆ ಸ್ಟೀರಿಂಗ್ ಹಿಡಿದುಕೊಂಡೆ. “ಯಾರಾದ್ರೂ ಮತ್ತೆ ಕೇಳಿದ್ರೆ ಏನೂ ಇರ್ಲಿಲ್ಲ ಅನ್ನು” ಎಂದೆ.

“ಬಟ್ ದಟ್ಸ್ ಲೈಯಿಂಗ್.”

“ಹೂಂ. ಲೈಯಿಂಗೇ.”

ಪೀಪಿಯನ್ನು ಪೆಟ್ರೋಲ್ ಬಂಕಿನ ಕಸದ ಡಬ್ಬಿಗೆ ಹಾಕಿ ಬಂದೆ. ಅರ್ಧ ದಾರಿಯಲ್ಲಿ ಅಲ್ಲಿನ ಕ್ಯಾಮೆರಾ ನೆನಪಾಯಿತು. ವಾಪಸು ಹೋಗಿ, ತೋಳು ಮುಳುಗುವ ತನಕ ಕೈಹಾಕಿ, ಎಂಜಲು ಕಪ್ಪುಗಳ ನಡುವಿನಿಂದ ತೆಗೆದೆ. ಈಗ ಅದು ಅವಲಕ್ಕಿ ಡಬ್ಬಿಯೊಳಗಿದೆ. ಇಂದುವಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 4. ಶನಿವಾರ

ಪೀಪಿಯನ್ನು ಮುರಳೀಧರ ಅವರ ಬಕೆಟ್ಟಿಗೇ ಹಾಕಿ ಬಂದೆ. ಒಂದು ಭಾರ ಇಳಿಯಿತು, ಇನ್ನೊಂದು ಏರಿತು.

ಕಾನೂನು ವಿವರಿಸಿದೆ, ಫೋಟೋ ಅಳಿಸಿ ಎಂದು ಕೇಳಿದೆ, ಇನ್ನು ಬರುವುದಿಲ್ಲ ಎಂದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ ಅನಿಸುತ್ತದೆ. ಮುಖ ಕಪ್ಪಿಟ್ಟಿತು. “ಅಯ್ಯೋ, ಛೆ ಛೆ” ಎಂದು ತಕ್ಷಣ ಗುಂಪಿನಿಂದ ಅಳಿಸಿದರು. ಒಂದು ನಿಮಿಷ ಆ ಮನುಷ್ಯ ಒಳ್ಳೆಯವರೇ ಎನಿಸಿತು.

ಆಮೇಲೆ ನೀಲಿ ಗ್ಲೌಸಿನ ಕೈಯಿಂದ ನನ್ನ ಭುಜ ತಟ್ಟಿದರು. “ಗ್ರೂಪಿಂದ ತೆಗೆದಿದೀನಿ. ನನ್ನ ಫೋನಲ್ಲಿ ಇರ್ಲಿ ಬಿಡು, ನಮ್ಮ ನೆನಪಿಗೆ. ನವೆಂಬರ್ ಎಂಟಕ್ಕೆ ಮ್ಯಾಚಿದೆ. ಅದೊಂದು ಮುಗಿಸ್ಕೊಡು, ಆಮೇಲೆ ನೀನು ಫ್ರೀ. ನಾನು ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗುತ್ತೆ?”

ನಗುತ್ತಲೇ ಹೇಳಿದರು. ಊರಿನ ಧಣಿಗಳು ಕಣ್ಣು ಕೆಂಪಗೆ ಮಾಡುತ್ತಿದ್ದರು, ಅದನ್ನು ಕಂಡರೆ ಓಡಬಹುದಿತ್ತು. ಈ ನಗುವಿಗೆ ಎಲ್ಲಿಗೆ ಓಡುವುದು?

“ಆಯ್ತು ಸರ್” ಎಂದೆ. ತೊಳೆದೆ. ಸವರಿದೆ. ತುಂಬಿದೆ.

ಅಕ್ಟೋಬರ್ 7

ಮನೆಯ ಮುಂದೆ ಹೆಸರಿಲ್ಲದ ಬಿಳಿ ವ್ಯಾನು ನಿಂತಿತ್ತು. ವಲಸೆ ಪೊಲೀಸರೇ ಎಂದು ಪರದೆಯ ಸಂದಿಯಿಂದ ನೋಡುತ್ತ ನಿಂತೆ. ಹುಲ್ಲು ಕತ್ತರಿಸುವವರು. ಅವರೂ ನನ್ನ ಪರದೆಯನ್ನು ಹೆದರಿಕೊಂಡೇ ನೋಡುತ್ತಿದ್ದರು.

ಅಕ್ಟೋಬರ್ 18. ಶನಿವಾರ

ಇಂದು ಇವತ್ತು ಬಾಯಿ ಬಿಟ್ಟಳು.

“ಇದಕ್ಕೆ ನಮ್ಮೂರಲ್ಲಿ ಏನಂತಾರೆ, ಗೊತ್ತಾ?”

“ಗೊತ್ತು. ಹೇಳ್ಬೇಡ.”

“ಹೇಳ್ತೀನಿ ಕಣೋ. ಜೀತ ಅಂತಾರೆ. ಹಾರ ಬದಲಾಯಿಸ್ಕೊಂಡು ಸಂವಿಧಾನದ ಪೀಠಿಕೆ ಓದಿ ನನ್ನ ಮದುವೆ ಆದೋನು ನೀನು. ಮೈಕ್ ಕಿತ್ಕೊಂಡು ಭಾಷಣ ಮಾಡ್ತಿದ್ದೋನು. ಈಗ ಶನಿವಾರ ಶನಿವಾರ ಧಣಿ ಮನೆ ಕೊಟ್ಟಿಗೆಗೆ ಹೋಗ್ತೀಯ.”

“ಕೊಟ್ಟಿಗೆ ಅಲ್ಲ, ಗ್ಯಾರೇಜು.”

“ಅಡುಗೆಮನೆ ಬಾಗಿಲು ದಾಟಿದೀಯಾ?”

“ಚೈತನ್ಯಾ ಇಲ್ಲೇ ಹುಟ್ಟಿದೋಳು. ನಮ್ಮಿಬ್ಬರನ್ನ ಕಳಿಸಿದ್ರೆ ಅವಳ ಗತಿ?” ಎಂದೆ. ಅವಳು ಊಟಕ್ಕೆ ತಟ್ಟೆ ಹಾಕಿದಳು. ಭಯ ಎನ್ನುವುದು ಮನೆಯೊಳಗೆ ನಾಲ್ಕನೆಯವನ ಹಾಗೆ ಊಟಕ್ಕೆ ಕೂರುತ್ತಿದೆ.

ಗ್ಯಾರೇಜಿನಲ್ಲಿ ಪ್ರಶಾಂತ್ ಕಿವಿಯಲ್ಲಿ ಉಸುರಿದ್ದ: “ಅಂಕಲ್ ಮುಖ ನಿನ್ ಕೈಲಿದೆ ಗುರು. ಪ್ರಮೋಷನ್ ಕೇಳ್ಬಿಡು!” ಕಿಸಕ್ಕನೆ ನಕ್ಕ. ಅವನಿಗೆ ಅದು ಜೋಕು. ನಾನು ಹಿಡಿದಿದ್ದ ಕೊಳವೆ ಕೆಳಗಿಟ್ಟೆ. ಅಲ್ಲಿಯವರೆಗೆ ಆ ಯೋಚನೆ ಬಂದಿರಲಿಲ್ಲ. ಈಗ ಬಂದಿದೆ, ಹೋಗುತ್ತಿಲ್ಲ. ಒಂದು ತೋಟಾ. ಒಂದರಲ್ಲಿ ಒಂದಿಷ್ಟು ಗಾಳಿ.

ಪ್ರತಿಯೊಂದನ್ನೂ ಎರಡೆರಡು ಸಲ ತೂಗಿದೆ. ನನ್ನ ಕೈಯನ್ನು ನಾನೇ ಕಾವಲು ಕಾದೆ. ಕೆಂಪು ಡಬ್ಬಿ ಕಣ್ಣಿಗೆ ಬೀಳುತ್ತಲೇ ಇತ್ತು. ಅದನ್ನು ಎತ್ತಿ ಗ್ಯಾರೇಜಿನ ಆಚೆ ಮೂಲೆಗೆ, ಬಣ್ಣದ ಡಬ್ಬಗಳ ಹಿಂದೆ ಇಟ್ಟುಬಿಟ್ಟೆ.

ಕೈ ಮಾತ್ರ ಈಗ ನಡುಗುವುದಿಲ್ಲ.

ಅಕ್ಟೋಬರ್ 25. ಶನಿವಾರ

ಮುರಳೀಧರ ಮಾತು ತಪ್ಪಿದರು. “ರಮೇಶ್, ಮಾರ್ಚಲ್ಲಿ ಡರ್ಹಮ್ ಹತ್ರ ಒಂದು ದೊಡ್ಡ ಮ್ಯಾಚಿದೆ. ಅಲ್ಲಿವರ್ಗೂ ಕಂಟಿನ್ಯೂ ಮಾಡೋಣ. ನಿನ್ನ ಗ್ರೀನ್ ಕಾರ್ಡ್ ವಿಷ್ಯ ಲಾಯರ್ ಹತ್ರ ನಾನೇ ಮಾತಾಡ್ತೀನಿ, ಆಯ್ತಾ?”

ಮಾರ್ಚಿನ ನಂತರ ಜೂನ್ ಬರುತ್ತದೆ, ಜೂನಿನ ನಂತರ ದಸರಾ. ಈ ಜನ್ಮದಲ್ಲಿ ಮುಗಿಯುವುದಿಲ್ಲ. ತಾತ ಒಂದು ಮೂಟೆ ರಾಗಿಗೆ ಗೌಡರ ಮನೆಯಲ್ಲಿ ಹೀಗೇ ಮುದುಕನಾದದ್ದು.

ಸಿಟ್ಟು ಬಂತು, ಅದರ ಬೆನ್ನಿಗೇ ಭಯ ಬಂತು. ಭಯ ಗೆದ್ದಿತು. ಸುಮ್ಮನೆ ತುಂಬುತ್ತ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: “ಇಲ್ಲಿದ್ದ ಕೆಂಪು ಡಬ್ಬಿ ಯಾರು ಮುಟ್ಟಿದ್ದು?”

“ನಾನೇ ಸರ್.”

“ಯಾಕೆ?”

“ಭಯ ಆಯ್ತು ಸರ್. ದೂರ ಇಟ್ಟೆ.”

“ಏನು ಭಯ?”

ಏನು ಹೇಳಲಿ? ನನ್ನ ಮೇಲೇ ಭಯ ಎನ್ನಲೇ? ಇನ್ನೊಂದು ತೋಟಾ ಎತ್ತಿಕೊಂಡೆ. ಅವರು ನಗಿಸಲು ಎಂದಿನ ಜೋಕು ಎಸೆದರು: “ನೋಡಪ್ಪ, ನನ್ನ ಮುಖ ಜೋಪಾನ!” ನನಗೆ ನಗು ಬರಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಹೇಳಿದೆ: “ನಮ್ಮ ಕಡೆ ಕಲ್ಲು ಕ್ವಾರೀಲಿ ಮದ್ದು ತುಂಬೋನು ಹತ್ರ ನಿಲ್ತಿದ್ದ ಸರ್, ಧಣಿ ದೂರ ಕೂರ್ತಿದ್ದ. ನಮ್ಮ ಮಾವನ ಕೈ ಅದ್ರಲ್ಲೇ ಹೋಗಿದ್ದು. ಇಲ್ಲಿ ಉಲ್ಟಾ. ತುಂಬೋನು ದೂರ.”

ಅವರು ಕೈಲಿದ್ದ ತೋಟಾವನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು. ಒಳಗೆ ಹೋದರು.

ಕಾಫಿ ಯಾಕೋ ಸ್ಟೀಲ್ ಲೋಟದಲ್ಲಿ ಬಂತು. ಪೇಪರ್ ಕಪ್ಪು ಮುಗಿದಿರಬೇಕು.

ನವೆಂಬರ್ 1. ಶನಿವಾರ

ಕನ್ನಡ ಸಂಘದ ರಾಜ್ಯೋತ್ಸವ. ಶಾಲೆಯೊಂದರ ಹಾಲ್, ಹಳದಿ ಕೆಂಪು ಶಾಲುಗಳು, ಬಿಸಿಬೇಳೆಬಾತ್. ಮುರಳೀಧರ ವೇದಿಕೆಯಿಂದ ನನ್ನ ಹೆಸರು ಹಿಡಿದು ಕರೆದು, “ನಮ್ಮ ಕಂಪನಿಯ ಆಸ್ತಿ” ಎಂದು ಶಾಲು ಹೊದೆಸಿದರು. ಬಲಿ ಕೊಡುವ ಮೊದಲು ಕುರಿಗೂ ಹೂವು ಮುಡಿಸುತ್ತಾರೆ.

ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು, “ಎಲ್ಲಾ ಸರಿ ಇದೆ ಅಲ್ವಾ ರಮೇಶ್? ನಿಂಗೇನೂ ಬೇಜಾರಿಲ್ಲ ಅಲ್ವಾ?” ಎಂದರು. ಮೊಸರನ್ನದ ಹತ್ತಿರ ಬಂದು ಮತ್ತೆ ಕೇಳಿದರು. “ಭಾನುವಾರ ಊಟಕ್ಕೆ ಬನ್ನಿ ಮೂರೂ ಜನ. ಒಳಗೆ, ಡೈನಿಂಗ್ ಟೇಬಲ್ಲಲ್ಲೇ.”

ಏನೋ ಸಂಚಿದೆ. ಕೆಲಸ ತೆಗೆಯುವ ಮುಂಚೆ ಹೀಗೆ ಮೆತ್ತಗಾಗುತ್ತಾರೆ ಎಂದು ಕೇಳಿದ್ದೇನೆ. ಕಾರಿನಲ್ಲಿ ಇಂದುವಿಗೆ ಹೇಳಿದೆ. ಅವಳು ನನ್ನನ್ನು ನೋಡಿ ನಕ್ಕಳು, ತುಂಬ ದಿನದ ಮೇಲೆ.

“ಯಾರು ಯಾರಿಗೆ ಹೆದರ್ತಿದಾರೆ, ಸರಿಯಾಗಿ ನೋಡು ಪೆದ್ದ” ಎಂದಳು.

ಅವಳಿಗೆ ಎಲ್ಲವೂ ಹಗುರ. ಊಟಕ್ಕೆ ಹೋಗುವುದಿಲ್ಲ.

ನವೆಂಬರ್ 8. ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲಿ ಗುಂಡು ಹೊಡೆಯುವ ರೇಂಜು. ಚಳಿ. ದೂರದ ಇಳಿಜಾರಿನಲ್ಲಿ ಕಬ್ಬಿಣದ ಟಗರು, ಹಂದಿ, ಕೋಳಿಗಳ ಆಕೃತಿ. ಬಿಳಿ ಗಡ್ಡದ ಮುದುಕರು, ಹಳೆಯ ಟೋಪಿಗಳು, ಪ್ರತಿ ಹೊಡೆತಕ್ಕೂ ಚಾಪೆಯಗಲ ಬಿಳಿ ಹೊಗೆ. ನಾನು ಗೆರೆಯ ಹಿಂದೆ, ಪ್ರಶಾಂತನ ಹಾಗೆ ಜೇಬಿನಲ್ಲಿ ಕೈಯಿಟ್ಟು ನಿಂತೆ. ತೋಟಾದ ಪೆಟ್ಟಿಗೆಯನ್ನು ಅವರೇ ಹೊತ್ತು ತಂದರು, ಎಳೆ ಕೂಸನ್ನು ತರುವ ಹಾಗೆ.

ಅವರ ಸರದಿ ಬಂತು. ಕೂತರು. ಕೋವಿಯ ಬಾಯಿ ತೆರೆದು ತೋಟಾ ಇಟ್ಟರು. ಕೆನ್ನೆ ಹಿಡಿಗೆ ಒತ್ತಿದರು. ತೆಗೆದರು. ಮತ್ತೆ ಒತ್ತಿದರು. ತೆಗೆದರು. ಆ ಚಳಿಯಲ್ಲಿ ಅವರ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಂಡಿತು. ಅಕ್ಕಪಕ್ಕದವರು ಢಂ ಢಂ ಹೊಡೆದು ಮುಗಿಸುತ್ತಿದ್ದರು.

ತೋಟಾ ಹೊರತೆಗೆದು ಎದ್ದು ನನ್ನ ಹತ್ತಿರ ಬಂದರು.

“ರಮೇಶ್, ಇದು ಸರಿ ಇದೆ ತಾನೆ?”

ಏನಾಗಿದೆ ಇವರಿಗೆ ಎಂದು ನೋಡಿದೆ. ಒಂದು ಹೆಜ್ಜೆ ಹಿಂದೆ ಸರಿದೆ.

“ಅಲ್ಲಪ್ಪ, ಕೇಳಿದೆ ಅಷ್ಟೆ. ಒಂದು ಕೆಲಸ ಮಾಡು. ಮೊದಲ್ನೇದು ನೀನೇ ಹೊಡಿ. ನಿಂಗೂ ಒಂದು ಎಕ್ಸ್‌ಪೀರಿಯನ್ಸು. ಬಾ.”

ನನ್ನ ಕೈ ಹಿಡಿದರು. ಗ್ಲೌಸಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಚರ್ಮ ನನ್ನ ಚರ್ಮಕ್ಕೆ ತಾಗಿತು. ಒದ್ದೆಯಾಗಿತ್ತು, ಬೆರಳಲ್ಲಿ ಕೊಬ್ಬಿನ ಜಿಡ್ಡು. ಇನ್ನೊಂದು ಕೈಯಿಂದ ತೋಟಾವನ್ನು ನನ್ನ ಅಂಗೈಗೆ ಒತ್ತಲು ನೋಡಿದರು.

ಕಿತ್ತಳೆ ಜಾಕೆಟ್ಟಿನ ರೇಂಜಿನ ಅಧಿಕಾರಿ ಇತ್ತಲೇ ನೋಡುತ್ತಿದ್ದ. ನಾಲ್ಕಾರು ಫೋನುಗಳು ವಿಡಿಯೋ ಹಿಡಿಯುತ್ತಿದ್ದವು. ಅಲ್ಲಿ, ಅಷ್ಟು ಜನರೆದುರು, ಮುಟ್ಟಬಾರದ್ದನ್ನು ಮುಟ್ಟಿಸಿ, ಸಿಡಿಯಬಹುದೆಂದು ಅವರೇ ನಂಬಿದ್ದನ್ನು ನನ್ನ ಕೆನ್ನೆಗೆ ಒತ್ತಿಸಲು ಕರೆಯುತ್ತಿದ್ದಾರೆ. ಮಾವನ ಕೈ ಕಣ್ಣ ಮುಂದೆ ಬಂತು. ಹೆಬ್ಬೆಟ್ಟು, ಕಿರುಬೆರಳು, ನಡುವೆ ಏನಿಲ್ಲ.

ಕೈ ಕಿತ್ತುಕೊಂಡೆ. “ಇಲ್ಲ ಸರ್.”

“ಯಾಕೆ?” ದನಿ ಕೀರಲಾಯಿತು. “ಯಾಕೆ ಇಲ್ಲ? ಏನಿದೆ ಇದ್ರಲ್ಲಿ?”

“ನಿಮ್ಮ ಕೋವಿ ಸರ್. ನಿಮ್ಮ ಕೆನ್ನೆ. ನೀವೇ ಹೊಡ್ಕೊಳ್ಳಿ.”

ಪ್ರಶಾಂತ್ ಬಾಯಿ ತೆರೆದು ನಿಂತಿದ್ದ. ಮುರಳೀಧರ ನನ್ನನ್ನು ನೋಡಿದರು, ತೋಟಾ ನೋಡಿದರು, ಅಧಿಕಾರಿಗೆ ಭುಜ ನೋವು ಎಂದು ಕೈಸನ್ನೆ ಮಾಡಿದರು. ಒಂದೂ ಹೊಡೆಯದೆ ಪೆಟ್ಟಿಗೆ ಮುಚ್ಚಿದರು. ಕಬ್ಬಿಣದ ಟಗರು ಹಾಗೇ ನಿಂತಿತ್ತು.

ವಾಪಸು ಅವರ ಕಾರು ಹತ್ತಲಿಲ್ಲ. ಇಂದುವಿಗೆ ಫೋನ್ ಮಾಡಿದೆ. ಅವಳು ಬರುವ ತನಕ ರಸ್ತೆ ಬದಿಯ ಬೇಲಿಗೆ ಒರಗಿ ನಿಂತೆ. ಕಾಲು ತಡೆಯದೆ ನಡುಗುತ್ತಿತ್ತು. ಎಲ್ಲ ಮುಗಿಯಿತು. ಸೋಮವಾರ ಕೆಲಸ ಹೋಗುತ್ತದೆ, ಆಮೇಲೆ ಫೋಟೋ ಹೋಗುತ್ತದೆ, ಎಲ್ಲಿಗೋ, ಯಾರಿಗೋ. ಇಂದು ಬಂದು ಬಾಗಿಲು ತೆರೆದಳು. ಹಿಂದಿನ ಸೀಟಿನಿಂದ ಚೈತನ್ಯಾ, “ಅಪ್ಪಾ, ಆರ್ ಯು ಕೋಲ್ಡ್?” ಎಂದಳು. ಹೂಂ ಎಂದೆ. ಅದು ಲೈಯಿಂಗ್.

ನವೆಂಬರ್ 10. ಸೋಮವಾರ

ಆಫೀಸಿನ ಬಾಗಿಲಿಗೆ ಕಾರ್ಡು ತೋರಿಸಿದೆ. ತೆರೆಯಿತು. ಇವತ್ತಿನ ಮಟ್ಟಿಗೆ ಇದ್ದೇನೆ.

ಮುರಳೀಧರ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಕಣ್ಣು ಊದಿತ್ತು. “ಗ್ಯಾರೇಜಲ್ಲಿ ಅವನ್ನಿಟ್ಕೊಂಡು ನಿದ್ದೆ ಬರ್ತಿಲ್ಲ ರಮೇಶ್. ಹೊಡಿಯೋಕೂ ಆಗ್ತಿಲ್ಲ, ಬಿಸಾಕೋಕೂ ಆಗ್ತಿಲ್ಲ. ನೀನೇ ತುಂಬಿದ್ದು. ಬಂದು ಬಿಚ್ಚಿ ಕೊಡು. ನೋಡು, ಫೋಟೋನೂ ಡಿಲೀಟ್ ಮಾಡಿದೀನಿ.” ಫೋನು ತೋರಿಸಿದರು. ಇನ್ನೆಲ್ಲಿ ಇಟ್ಟಿದ್ದಾರೋ ಬಲ್ಲವರಾರು.

“ನಾನು ಅವನ್ನ ಮುಟ್ಟೋ ಹಾಗಿಲ್ಲ ಸರ್” ಎಂದೆ. “ಕಾನೂನು.”

“ಯಾರಿಗಪ್ಪ ಗೊತ್ತಾಗುತ್ತೆ?”

“ನಿಮಗೆ ಗೊತ್ತಾಗುತ್ತಲ್ಲ ಸರ್.”

ಅವರು ಮೇಜಿನ ಮೇಲೆ ಎರಡೂ ಕೈಯೂರಿದರು. “ಸತ್ಯ ಹೇಳು. ಅದ್ರಲ್ಲಿ ಏನಾದ್ರೂ…”

“ನೀವೇ ಬಿಚ್ಚಿ ನೋಡಿ ಸರ್” ಎಂದೆ. “ಗ್ಲೌಸು ಹಾಕ್ಕೊಳ್ಳಿ. ಕೊಬ್ಬಿರುತ್ತೆ.”

ಹೊರಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಮನೆಯ ಮುಂದೆ ವ್ಯಾನು ನಿಂತರೆ ಈಗಲೂ ಪರದೆಯ ಹಿಂದೆ ಹೋಗುತ್ತೇನೆ. ನಾನು ಹೇಡಿಯೇ, ಅದರಲ್ಲಿ ಬದಲಾವಣೆಯಿಲ್ಲ.

ಒಂದು ಮಾತು ಇಲ್ಲಿ ಬರೆದಿಡುತ್ತೇನೆ. ಆ ಪೆಟ್ಟಿಗೆಯಲ್ಲಿರುವ ಒಂದೊಂದು ತೋಟಾವೂ ಸರಿಯಾಗಿದೆ. ಮದ್ದು ಅಳತೆಗೆ ಇದೆ, ಬಿಲ್ಲೆ ಬಿಗಿಯಾಗಿದೆ, ಸಾಸಿವೆಯಷ್ಟೂ ಗಾಳಿಯಿಲ್ಲ. ಅವರು ಮೂರು ಸಲ ಕೇಳಿದರು. ನಾನು ಹೇಳಲಿಲ್ಲ. ಹೇಳುವುದೂ ಇಲ್ಲ.